ನಾವು ಹೋಗಿ ನಾನು ಬಂದದ್ದು

ಸೈನ್ಯಕ್ಕೆ ಸೇರುವ ಮೊದಲೇ ನನಗೆ ಪೇಚು ತಂದದ್ದು ನನ್ನ ಊರಿನ ಹೆಸರು. ಬೆಂಗಳೂರಿನಲ್ಲಿ ಎಸ್‌ಎಸ್‌ಬಿ ಎಂಬ ಸೇನಾಧಿಕಾರಿ ಆಯ್ಕೆ ಮಂಡಳಿಯ ಸಂದರ್ಶನಕ್ಕೆ ಕೂತಿದ್ದೆ. ಎದುರಿಗಿದ್ದ ಕರ್ನಲ್ ಸಾಹೇಬರು ನನ್ನ ಅರ್ಜಿಯ ಮೇಲೆ ಕಣ್ಣಾಡಿಸಿ, 'ಓಹೋ, ಜಾಲಹಳ್ಳಿ! ನಿಮ್ಮ ತಂದೆ ಏರ್‌ಫೋರ್ಸಿನಲ್ಲಿದ್ದಾರೋ?' ಎಂದರು. ನಮ್ಮ ಅಪ್ಪ ಹತ್ತಿ, ತೊಗರಿ, ಮೆಣಸಿನಕಾಯಿ ಬೆಳೆಯುವವರು. ಹದ್ದು, ಗಿಳಿ ಓಡಿಸುವುದು ಬಿಟ್ಟರೆ ಆಕಾಶಕ್ಕೂ ಅವರಿಗೂ ಸಂಬಂಧ ಮಳೆಯದ್ದು ಮಾತ್ರ, ಅದೂ ಹಳಸಿದ ಸಂಬಂಧ. 'ಇಲ್ಲ ಸರ್' ಅಂದೆ. 'ಜಾಲಹಳ್ಳಿ ಈಸ್ಟೋ, ವೆಸ್ಟೋ?' ಅಂದರು. 'ನಾರ್ತ್ ಸರ್, 400 ಕಿಲೋಮೀಟರ್ ನಾರ್ತ್' ಅಂದೆ. ಸಾಹೇಬರು ನಕ್ಕರು. ನಾನು ಪಾಸಾದದ್ದು ಆ ಒಂದು ಉತ್ತರದಿಂದಲೇ ಎಂದು ನನಗೆ ಇವತ್ತಿಗೂ ಗುಮಾನಿ.

ಸೈನ್ಯದವರ ಪಾಲಿಗೆ ಜಾಲಹಳ್ಳಿ ಒಂದೇ: ಬೆಂಗಳೂರಿನ ವಾಯುಪಡೆ ನೆಲೆ, 1949ರಲ್ಲಿ ಶುರುವಾದ ಅಲ್ಲಿನ ತಾಂತ್ರಿಕ ಕಾಲೇಜು, ಸುತ್ತಮುತ್ತ ಎಚ್‌ಎಂಟಿ, ಬಿಇಎಲ್. ನನ್ನ ಜಾಲಹಳ್ಳಿ ರಾಯಚೂರು ಜಿಲ್ಲೆ, ದೇವದುರ್ಗ ತಾಲ್ಲೂಕಿನದು. ದೇವದುರ್ಗದಿಂದ ತಿಂಥಣಿ ಬ್ರಿಜ್ ಕಡೆ ಹೋಗುವ ಬಸ್ಸು ನಿಲ್ಲುವ ಊರು. ಬಸ್‌ಸ್ಟ್ಯಾಂಡಿನಲ್ಲಿ ಒಗ್ಗರಣಿ, ಮಿರ್ಚಿ ಸಿಗುತ್ತದೆ. ವಿಮಾನ ಸಿಗುವುದಿಲ್ಲ. ಆದರೂ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಯಲ್ಲಿ 49 ವಾರ ನನ್ನನ್ನು ಎಲ್ಲರೂ 'ಬೆಂಗಳೂರ್‌ವಾಲಾ' ಎಂದೇ ಕರೆದರು. ಅಷ್ಟೊತ್ತಿಗೆ ನಾನು ಬೆಂಗಳೂರು ನೋಡಿದ್ದು ಮೂರು ಸಲ. ತಂಪು ಊರಿನವನು ಚೆನ್ನೈ ಬಿಸಿಲಿಗೆ ತಡೆಯಲಾರ ಎಂದು ಉಸ್ತಾದರು ನನ್ನ ಮೇಲೆ ಒಂದು ಕಣ್ಣಿಟ್ಟಿದ್ದರು. ಡ್ರಿಲ್ ಮೈದಾನದಲ್ಲಿ ಶಿಮ್ಲಾದವನು ಬಿದ್ದ, ಡೆಹ್ರಾಡೂನಿನವನು ಬಿದ್ದ. ನಾನು ನಿಂತೇ ಇದ್ದೆ. ರಾಯಚೂರಿನವನಿಗೆ ಚೆನ್ನೈ ಬಿಸಿಲು ಅಂದರೆ ಸಂಜೆ ಐದರ ಹೊತ್ತು.

ನನಗೆ ಸಿಕ್ಕಿದ್ದು ಆರ್ಮಿ ಸರ್ವೀಸ್ ಕೋರ್. ಸೈನ್ಯಕ್ಕೆ ಅಕ್ಕಿ, ಹಿಟ್ಟು, ಬೇಳೆ, ತತ್ತಿ, ಉಳ್ಳಾಗಡ್ಡಿ, ಸೀಮೆಎಣ್ಣೆ, ಪೆಟ್ರೋಲು ಮುಟ್ಟಿಸುವ ದಳ. ಲಾರಿ ಹೋಗುವ ತನಕ ಲಾರಿ, ಅಲ್ಲಿಂದಾಚೆ ಹೇಸರಗತ್ತೆ. ಊರಿಗೆ ರಜೆಗೆ ಬಂದಾಗಲೆಲ್ಲ ಕಟ್ಟೆಯ ಮೇಲೆ ಕೂತವರದು ಒಂದೇ ಪ್ರಶ್ನೆ: 'ಎಷ್ಟ ಮಂದಿಗೆ ಹೊಡದಿಯೋ ತಮ್ಮಾ?' ನಾನು ಒಡೆದದ್ದು ತತ್ತಿ ಮಾತ್ರ, ಅದೂ ಲಡಾಖ್ ದಾರಿಯ ಜೋಜಿಲಾ ಕಣಿವೆಯ ತಿರುವಿನಲ್ಲಿ, ಟ್ರೇಗಟ್ಟಲೆ. ಅದಕ್ಕೆ ಮೂರು ಪ್ರತಿಯಲ್ಲಿ ವಿವರಣೆ ಬರೆದುಕೊಟ್ಟಿದ್ದೇನೆ ಎಂದು ಹೇಳಲು ಬಾಯಿ ಬರುತ್ತಿರಲಿಲ್ಲ. 'ಅದನ್ನೆಲ್ಲ ಹೇಳಂಗಿಲ್ಲ ಕಾಕಾ' ಅನ್ನುತ್ತಿದ್ದೆ. ಗುಟ್ಟಿನ ಮನುಷ್ಯ ಎಂದು ನನ್ನ ಕಿಮ್ಮತ್ತು ಏರಿತು.

ಆರು ವರ್ಷಕ್ಕೆ ಮೇಜರ್ ಆದೆ. ಅಪ್ಪ ಪೇಢಾ ಹಂಚಿದರು. ನಮ್ಮ ಆಯಿಗೆ ಮಾತ್ರ ಸಮಾಧಾನವಿಲ್ಲ. ಆಕೆಗೆ ಗೊತ್ತಿದ್ದ ಮೇಜರ್ ಅಂದರೆ ತಲಾಠಿ ಕಚೇರಿಯ ಕಾಗದದಲ್ಲಿ ಬರುವ ಮೇಜರ್, ಮೈನರ್. 'ಊರಾಗ ಎಲ್ಲಾ ಹುಡುಗ್ರು ಹದಿನೆಂಟಕ್ಕ ಮೇಜರ್ ಆಗ್ತಾವ. ಇವ ಇಪ್ಪತ್ತೊಂಬತ್ತಕ್ಕ ಆದ. ಅದಕ್ಕೂ ಪೇಢಾ ಹಂಚ್ಯಾರ' ಎಂದು ನೆರೆಮನೆಯವರ ಹತ್ತಿರ ನೊಂದುಕೊಂಡಳಂತೆ.

ನನ್ನದು ಶಾರ್ಟ್ ಸರ್ವೀಸ್. ಹತ್ತು ವರ್ಷ ಆದ ಮೇಲೆ ಬೇಕಿದ್ದರೆ ಇನ್ನೂ ನಾಲ್ಕು ವರ್ಷ ಮುಂದುವರಿಯಬಹುದು, ಬೇಡವಾದರೆ ಸಲಾಂ ಹೊಡೆದು ಹೊರಡಬಹುದು. ಹೊರಡುವುದು ಎಂದು ತೀರ್ಮಾನಿಸಿದೆ. ಮ್ಯಾನೇಜ್‌ಮೆಂಟ್ ಓದುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ಇಂಥವರಿಗಾಗಿಯೇ ರಕ್ಷಣಾ ಇಲಾಖೆಯಲ್ಲಿ ಪುನರ್ವಸತಿ ಮಹಾನಿರ್ದೇಶನಾಲಯ ಎಂಬುದಿದೆ, ಅದರ ವತಿಯಿಂದ ಐಐಎಂಗಳಲ್ಲಿ ಆರು ತಿಂಗಳಿನ ಕೋರ್ಸುಗಳಿವೆ ಎಂದು ವಿವರಿಸುತ್ತಿದ್ದೆ. 'ಪುನರ್ವಸತಿ' ಎಂಬ ಶಬ್ದ ಕಿವಿಗೆ ಬಿದ್ದದ್ದೇ ಅಪ್ಪ ಎದ್ದು ಕೂತರು. ಕೃಷ್ಣಾ ದಂಡೆಯ ಜನಕ್ಕೆ ಆ ಶಬ್ದದ ಅರ್ಥ ಒಂದೇ. 'ಆಲಮಟ್ಟಿ, ನಾರಾಯಣಪುರ ನೀರಾಗ ಮುಳುಗಿದ ಊರಿಗೆ ಪುನರ್ವಸತಿ ಕೊಡ್ತಾರ. ನಿಂದೇನ ಮುಳುಗಿತೋ?' ಉತ್ತರ ಕೊಡಲು ನನಗೆ ಎರಡು ವರ್ಷ ಬೇಕಾಯಿತು.

ನಾನು ಆರು ತಿಂಗಳಿನದನ್ನು ಬಿಟ್ಟು ಎರಡು ವರ್ಷದ್ದನ್ನೇ ಹಿಡಿದೆ, ಅದೂ ಎಲ್ಲರಂತೆ ಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆದು. ಕ್ಯಾಟಿಗೆ ವಯಸ್ಸಿನ ಮಿತಿ ಇಲ್ಲ. ಮಿತಿ ಇಲ್ಲ ಎಂದ ಮಾತ್ರಕ್ಕೆ ಹೋಗಬೇಕೆಂದೇನಿಲ್ಲ ಎಂಬುದು ಆಗ ಹೊಳೆಯಲಿಲ್ಲ. ಫೀಸು ಇಪ್ಪತ್ತು ಲಕ್ಷದ ಮೇಲೆ ಅಂದಾಗ ಅಪ್ಪ ಮನಸ್ಸಿನಲ್ಲೇ ನೀರಾವರಿ ಹೊಲದ ಎಕರೆ ಲೆಕ್ಕ ಹಾಕಿದ್ದು ಹಣೆಯ ಮೇಲೆ ಕಾಣಿಸಿತು. ಹೈಸ್ಕೂಲಿನಲ್ಲಿ ನನಗೆ ಕಲಿಸಿದ್ದ ಮಾಸ್ತರರನ್ನು ಪಂಚಾಯಿತಿಗೆ ಕರೆಸಿದರು. ಮಾಸ್ತರರು ಪೇಪರ್ ಓದುವವರು. 'ಕ್ಯಾಪ್ಟನ್ ಗೋಪಿನಾಥ ಅವರನ್ನ ನೋಡು. ವಿಜಾಪುರ ಸೈನಿಕ ಶಾಲ್ಯಾಗ ಕಲ್ತವರು, ಎಪ್ಪತ್ತೊಂದರ ಯುದ್ಧ ಕಂಡವರು. ಮಿಲ್ಟ್ರಿ ಬಿಟ್ಟು ಬಂದು ಹಾಸನದ ಕಡಿ ಹೊಲ ಮಾಡಿದ್ರು, ರೇಷ್ಮಿ ಸಾಕಿದ್ರು, 2003ರಾಗ ಏರ್ ಡೆಕ್ಕನ್ ಹಾರಿಸಿದ್ರು. ಯಾವ ಐಐಎಮ್ಮಿಗೆ ಹೋಗಿದ್ರು ಹೇಳು?' ನನ್ನ ಹತ್ತಿರ ಉತ್ತರವಿರಲಿಲ್ಲ. ನನ್ನ ಹತ್ತಿರ ಇದ್ದದ್ದು ಬೇರೆ ಪಟ್ಟು. 1973ರಲ್ಲಿ ಬೆಂಗಳೂರಿನ ಐಐಎಂ ಶುರುವಾದಾಗ ಅದರ ಮೊದಲ ನಿರ್ದೇಶಕರು ಎನ್. ಎಸ್. ರಾಮಸ್ವಾಮಿ, ಅವರು ದೇಶಕ್ಕೆಲ್ಲ ಹೆಸರಾದದ್ದು ಎತ್ತಿನ ಬಂಡಿಯ ಸುಧಾರಣೆಯಿಂದ. ಎತ್ತಿನ ಹೆಗಲು ಹುಣ್ಣಾಗದ ಹಾಗೆ ನೊಗ ಹೇಗಿರಬೇಕು, ಗಾಲಿ ಹೇಗಿರಬೇಕು ಎಂದು ತಲೆ ಕೆಡಿಸಿಕೊಂಡ ಮನುಷ್ಯ. ಇದನ್ನು ಹೇಳಿದ್ದೇ ಅಪ್ಪ ಮಾಸ್ತರರ ಕಡೆ ತಿರುಗಿ, 'ಎತ್ತಿನ ಸಂಕಟ ತಿಳದವ್ರು ಕಟ್ಟಿದ ಸಾಲಿ ಅಂದಮ್ಯಾಲ ಹೋಗ್ಲಿ ಬಿಡ್ರಿ' ಅಂದರು. ಪಂಚಾಯಿತಿ ಮುಗಿಯಿತು. ಕಡೆಗೆ ನನಗೆ ಸೀಟು ಸಿಕ್ಕಿದ್ದು ಬೇರೆ ಕಡೆ. ಅಲ್ಲಿ ಎತ್ತಿನ ಸುದ್ದಿ ಯಾರೂ ಎತ್ತಲಿಲ್ಲ. ಅದನ್ನು ಅಪ್ಪನಿಗೆ ನಾನಿನ್ನೂ ಹೇಳಿಲ್ಲ.

ಕ್ಯಾಟ್ ಅಂದರೆ 120 ನಿಮಿಷ, ಮೂರು ಭಾಗ, ಒಂದೊಂದಕ್ಕೆ 40 ನಿಮಿಷ. ಸರಿ ಉತ್ತರಕ್ಕೆ ಮೂರು ಅಂಕ ಬರುತ್ತದೆ. ಆಯ್ಕೆಯ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಒಂದು ಅಂಕ ಹೋಗುತ್ತದೆ. ಎರಡೂವರೆ ಲಕ್ಷಕ್ಕಿಂತ ಹೆಚ್ಚು ಮಂದಿ ಬರೆಯುತ್ತಾರೆ. ನಾನು ಹುಬ್ಬಳ್ಳಿಯಲ್ಲಿ ಬರೆದೆ. ಕೂದಲು ಫೌಜಿ ಕಟ್ಟು, ಅಂಗಿ ಇಸ್ತ್ರಿ, ಬೂಟು ಪಾಲೀಶು. ಗೇಟಿನಲ್ಲಿ ಸಾಲುಗಟ್ಟಿದ್ದ ಹುಡುಗ ಹುಡುಗಿಯರು ನನ್ನನ್ನು ಕಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟರು, ಮೇಲ್ವಿಚಾರಕ ಬಂದ ಎಂದು. ಒಬ್ಬಳು ಬಂದು, 'ಸರ್, ವಾಚ್ ಒಳಗೆ ಒಯ್ಯಬಹುದಾ?' ಎಂದಳು. 'ಒಯ್ಯಬಾರದು' ಅಂದೆ, ನಿಯಮ ನನಗೂ ಗೊತ್ತಿತ್ತಲ್ಲ. ಲೋಹಶೋಧಕ ಹಿಡಿದು ನಿಂತಿದ್ದ ಸೆಕ್ಯೂರಿಟಿಯವರು ಮಾಜಿ ಹವಾಲ್ದಾರ್. ನನ್ನ ನಡಿಗೆ ನೋಡಿಯೇ ಹಿಮ್ಮಡಿ ಕೂಡಿಸಿ 'ಜೈ ಹಿಂದ್ ಸಾಬ್' ಎಂದರು. ನಾನೂ ಸೆಟೆದು ನಿಂತೆ. ಆಮೇಲೆ ಅವರು ಬಹಳ ಗೌರವದಿಂದ ನನ್ನ ಜೇಬುಗಳನ್ನೆಲ್ಲ ತಡಕಿದರು.

98 ಪರ್ಸೆಂಟೈಲ್ ಬಂತು. 'ನೂರಕ್ಕ ತೊಂಬತ್ತೆಂಟು!' ಎಂದು ಅಪ್ಪ ಮತ್ತೆ ಪೇಢಾದ ಯೋಚನೆಗೆ ಬಿದ್ದರು. ಹಾಗಲ್ಲ ಅಪ್ಪಾ, ನೂರು ಮಂದಿಯಲ್ಲಿ ತೊಂಬತ್ತೆಂಟು ಮಂದಿ ನನ್ನ ಹಿಂದಿದ್ದಾರೆ ಎಂದು ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮುಂದ ಇದ್ದಾವ ಯಾರು?' ಅಂದರು. ಎರಡೂವರೆ ಲಕ್ಷದ ಲೆಕ್ಕದಲ್ಲಿ ಅದು ಐದು ಸಾವಿರ ಜನ ಆಗುತ್ತದೆ ಎಂದು ನಾನು ಹೇಳಲಿಲ್ಲ.

ನಿಜವಾದ ಪೇಚು ಸಂದರ್ಶನದಲ್ಲಿತ್ತು. ಮೊದಲಿಗೆ ವ್ಯಾಟ್ ಇದೆ ಎಂದರು. ನನಗೆ ಗೊತ್ತಿದ್ದ ವ್ಯಾಟ್ ಎಸ್‌ಎಸ್‌ಬಿಯದು: ಪರದೆಯ ಮೇಲೆ ಒಂದು ಪದ ಬರುತ್ತದೆ, 15 ಸೆಕೆಂಡಿನಲ್ಲಿ ಅದರ ಮೇಲೆ ಒಂದು ವಾಕ್ಯ ಬರೆಯಬೇಕು, ಹೀಗೆ 60 ಪದ. ಇಲ್ಲಿಯ ವ್ಯಾಟ್ ಅಂದರೆ ಒಂದು ವಿಷಯ ಕೊಟ್ಟು ನಿಧಾನವಾಗಿ ಪ್ರಬಂಧ ಬರೆಸುವುದು. ನಾನು ಹಳೆಯ ರೂಢಿಯಲ್ಲಿ 15 ಸೆಕೆಂಡಿಗೆ ಒಂದು ವಾಕ್ಯ ಬರೆದು ಪೆನ್ನು ಕೆಳಗಿಟ್ಟೆ. ಆಚೀಚೆಯವರು ಎರಡನೇ ಪುಟಕ್ಕೆ ಕೈ ಹಾಕಿದಾಗ ಜ್ಞಾನೋದಯವಾಯಿತು.

ಒಳಗೆ ಮೂವರು ಪ್ರಾಧ್ಯಾಪಕರು. ಒಬ್ಬರು ಕೇಳಿದರು: 'ಸೈನ್ಯದಲ್ಲಿ ನಿಮ್ಮ ದೊಡ್ಡ ಸಾಧನೆ ಯಾವುದು?'

'ಚಳಿಗಾಲಕ್ಕೆ ಜೋಜಿಲಾ ಮುಚ್ಚುವ ಮೊದಲು ನಾವು ಆಚೆಗೆ ಪೂರ್ತಿ ದಾಸ್ತಾನು ಮುಟ್ಟಿಸಿದೆವು, ಸರ್.'

'ನಾವು ಅಂದರೆ?'

'ಡ್ರೈವರುಗಳು, ಹವಾಲ್ದಾರ್, ಸುಬೇದಾರ್ ಸಾಬ್, ಮೆಕ್ಯಾನಿಕ್…'

'ಅವರು ಸಂದರ್ಶನಕ್ಕೆ ಬಂದಿಲ್ಲವಲ್ಲ. ನೀವು ಏನು ಮಾಡಿದಿರಿ?'

ಹತ್ತು ವರ್ಷದಲ್ಲಿ ಯಾರೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ. ಸೈನ್ಯದಲ್ಲಿ 'ನಾನು' ಎಂಬ ಶಬ್ದ ಬರುವುದು ತಪ್ಪೊಪ್ಪಿಗೆ ಬರೆಯುವಾಗ. ಒಳ್ಳೆಯದೆಲ್ಲ 'ನಾವು', ಒಡೆದ ತತ್ತಿ ಮಾತ್ರ 'ನಾನು'. ಊರಿನಲ್ಲಂತೂ ಕೇಳುವುದೇ ಬೇಡ. ನಮ್ಮ ಕಡೆ ಒಬ್ಬನೇ ಮಗನಾದರೂ 'ನಮ್ಮ ಅವ್ವ' ಅನ್ನುತ್ತಾನೆ. 'ನನ್ನ ಅವ್ವ' ಅಂದರೆ ಆಸ್ತಿ ಪಾಲಾಗಿದೆ ಎಂದು ತಿಳಿಯುತ್ತಾರೆ. ಎರಡೂ ಕಡೆ ತರಬೇತಾದ ನಾಲಿಗೆ ನನ್ನದು. ತೊದಲಿ ತೊದಲಿ ಅಂದೆ: 'ನಾನು ಕೊನೆಯ ಲಾರಿಯಲ್ಲಿದ್ದೆ, ಸರ್.'

ಮೂವರೂ ತಲೆ ಎತ್ತಿದರು. 'ನಾಯಕ ಕೊನೆಯ ಲಾರಿಯಲ್ಲೇ?'

'ಮುಂದಿನ ಲಾರಿ ಕೆಟ್ಟು ನಿಂತರೆ ಹಿಂದಿನವರಿಗೆ ಕಾಣುತ್ತದೆ ಸರ್. ಹಿಂದಿನದು ಕೆಟ್ಟರೆ ಮುಂದಿನವರಿಗೆ ಗೊತ್ತಾಗುವುದಿಲ್ಲ.'

ಇದು ಮಿಲಿಟರಿ ಪುಸ್ತಕದ್ದಲ್ಲ. ಹುಡುಗನಿದ್ದಾಗ ತಿಂಥಣಿ ಮೌನೇಶ್ವರನ ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋಗುವಾಗ ನಮ್ಮ ಮುತ್ಯಾ ಯಾವಾಗಲೂ ಕಡೆಯ ಬಂಡಿಯಲ್ಲಿ ಕೂಡುತ್ತಿದ್ದ. ಕೇಳಿದರೆ ಇದೇ ಕಾರಣ ಹೇಳುತ್ತಿದ್ದ. ಹಿಂದಿನ ಬಂಡಿಯಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ ಎಂಬ ಇನ್ನೊಂದು ಕಾರಣವೂ ಇತ್ತು. ಅದನ್ನು ನಾನು ಪ್ರಾಧ್ಯಾಪಕರಿಗೆ ಹೇಳಲಿಲ್ಲ. ಸೀಟು ಸಿಕ್ಕಿತು.

ಸೈನ್ಯದ ಪಾಠ ಮುಗಿಯುವುದು ಒಂದು ಪ್ರಶ್ನೆಯಿಂದ. ಉಸ್ತಾದರು ಬಂದೂಕು ಬಿಚ್ಚಿ, ಜೋಡಿಸಿ ತೋರಿಸಿ, 'ಕೋಯಿ ಶಕ್?' ಅನ್ನುತ್ತಾರೆ. ಯಾರಿಗಾದರೂ ಸಂಶಯ ಉಂಟೋ ಎಂದು ಅದರ ಅರ್ಥ. ಅದಕ್ಕೆ ಮೂವತ್ತು ಕಂಠಗಳಿಂದ ಏಕಕಾಲಕ್ಕೆ 'ನಹೀಂ ಉಸ್ತಾದ್' ಎಂದು ಬರಬೇಕು. ಸಂಶಯ ಇದ್ದವನು ರಾತ್ರಿ ಗೆಳೆಯನನ್ನು ಕೇಳಿಕೊಳ್ಳಬೇಕು. ಮ್ಯಾನೇಜ್‌ಮೆಂಟ್ ಕಾಲೇಜಿನದು ತದ್ವಿರುದ್ಧ. ಕ್ಲಾಸಿನಲ್ಲಿ ಬಾಯಿ ಬಿಟ್ಟರೆ ಅಂಕ, ಸಂಶಯ ಎತ್ತಿದರೆ ಇನ್ನೂ ಹೆಚ್ಚು ಅಂಕ. ಇಪ್ಪತ್ತಮೂರು ವರ್ಷದ ಹುಡುಗರು ಪ್ರಾಧ್ಯಾಪಕರ ಮಾತು ಮುಗಿಯುವ ಮೊದಲೇ ಕೈ ಎತ್ತಿ, 'ನನಗೆ ಇದರಲ್ಲಿ ಒಂದು ತಕರಾರಿದೆ' ಅನ್ನುತ್ತಿದ್ದರು. ನನಗೆ ಬೆನ್ನ ಹುರಿಯಲ್ಲಿ ಚಳಿ. ಈಗ ಎಲ್ಲರಿಗೂ ಮೈದಾನ ಮೂರು ಸುತ್ತು ಎಂದು ಕಾಯುತ್ತಿದ್ದೆ. ಪ್ರಾಧ್ಯಾಪಕರು 'ಬಹಳ ಒಳ್ಳೆಯ ಮಾತು' ಅನ್ನುತ್ತಿದ್ದರು. ಮೊದಲ ತಿಂಗಳು ನನಗೆ ಆ ಬಾಬ್ತಿನಲ್ಲಿ ಸೊನ್ನೆ. ಸಂಶಯಗಳಿದ್ದವು, ರಾತ್ರಿ ಗೆಳೆಯರನ್ನು ಕೇಳಿಕೊಂಡೆ. ಅವರು ಬೆಳಿಗ್ಗೆ ಅವನ್ನೇ ಕೇಳಿ ಅಂಕ ತೆಗೆದುಕೊಂಡರು.

ಇನ್ನೊಂದು ಸೋಜಿಗ. ಯುದ್ಧದ ಮಾತೆಲ್ಲ ಅವರದೇ. ಟಾರ್ಗೆಟ್, ಕ್ಯಾಂಪೇನ್, ವಾರ್ ರೂಮ್, ಎದುರಾಳಿಯ ಕೋಟೆಗೆ ಲಗ್ಗೆ. ಸ್ಟ್ರಾಟೆಜಿ ಎಂಬ ಶಬ್ದವೇ ಗ್ರೀಕರ ಸೇನಾಪತಿಯಿಂದ ಬಂದದ್ದು ಎಂದು ಮೊದಲ ದಿನವೇ ಪಾಠವಾಯಿತು; ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ಬಿಸ್ಕಿಟು ಮಾರುವ ಪಾಠಕ್ಕೂ ಅವರು ಮುತ್ತಿಗೆ ಹಾಕುತ್ತಿದ್ದರು. 1520ರ ರಾಯಚೂರು ಮುತ್ತಿಗೆಯಲ್ಲಿ ಕೃಷ್ಣದೇವರಾಯನ ದಂಡು ಕೂಡ ಅಷ್ಟು ಆವೇಶ ತೋರಿಸಿತ್ತೋ ಇಲ್ಲವೋ. ಆ ಗುಂಪಿನಲ್ಲಿ ಸಮವಸ್ತ್ರ ತೊಟ್ಟವನು ನಾನೊಬ್ಬ. ಉಳ್ಳಾಗಡ್ಡಿ, ತತ್ತಿಯ ಮಾತಾಡುವವನೂ ನಾನೊಬ್ಬ.

ಆ ಉಳ್ಳಾಗಡ್ಡಿಯೇ ಕಡೆಗೆ ಕಾಯ್ದಿತು. ದಾಸ್ತಾನಿನ ಪಾಠ ಬಂತು. ಎಷ್ಟು ಸರಕನ್ನು ಎಷ್ಟು ದಿನಕ್ಕೊಮ್ಮೆ ತರಿಸಿದರೆ ಖರ್ಚು ಕಡಿಮೆ ಎಂಬುದಕ್ಕೆ 1913ರಷ್ಟು ಹಳೆಯ ಸೂತ್ರವೊಂದಿದೆ. ವರ್ಗಮೂಲ ತೆಗೆಯಬೇಕು. ಆಮೇಲೆ ಟೊಯೊಟಾದವರ ಪದ್ಧತಿ: ಬೇಕಾದ ಹೊತ್ತಿಗೆ, ಬೇಕಾದಷ್ಟೇ ತರಿಸು, ದಾಸ್ತಾನು ಇಡುವುದೇ ದಂಡ. ನಾನು ಮೊದಲ ಬಾರಿ ಕೈ ಎತ್ತಿದೆ. 'ಸರ್, ದಾರಿ 11,500 ಅಡಿ ಮೇಲಿದ್ದು, ಹಿಮ ಬಿದ್ದು ಮುಚ್ಚಿದರೆ ಬೇಕಾದ ಹೊತ್ತಿಗೆ ಹೇಗೆ ತರಿಸುವುದು?' ಬೇಸಿಗೆಯಲ್ಲೇ ಚಳಿಗಾಲದ ಊಟ ಎಣಿಸುವುದು ಹೇಗೆ, ಒಬ್ಬ ಜವಾನನಿಗೆ ದಿನಕ್ಕೆ ಇಷ್ಟು ಎಂಬ ತೂಕದ ಪಟ್ಟಿ ಹಿಡಿದು ತಿಂಗಳುಗಳಿಗೆ ಗುಣಿಸುವುದು, ದಾರಿಯಲ್ಲಿ ಕೆಡುವುದನ್ನು ಕೂಡಿಸುವುದು, ಮುಂದೆ ರಜೆಯಿಂದ ವಾಪಸು ಬರುವವರನ್ನು ಮರೆಯದೆ ಸೇರಿಸುವುದು, ಇದನ್ನೆಲ್ಲ ಹೇಳಿದೆ. ಇಡೀ ಕ್ಲಾಸು ಸುಮ್ಮನಾಯಿತು. ಕಡೆಯ ಸಾಲಿನಿಂದ ಒಬ್ಬ ಹುಡುಗ, ಹತ್ತು ನಿಮಿಷದಲ್ಲಿ ಕೊತ್ತಂಬರಿ ತಂದುಕೊಡುವ ಆ್ಯಪಿನ ಜಗತ್ತಿನಲ್ಲಿ ಬೆಳೆದವನು, 'ಸರ್, ಕೊತ್ತಂಬರಿ?' ಅಂದ. ಲೂಟಿ ಹೊಡೆದ ಸೈನಿಕನಂತೆ ಆ ದಿನ ನಾನು ಅಂಕ ಹೊತ್ತುಕೊಂಡು ಹಾಸ್ಟೆಲಿಗೆ ಹೋದೆ.

ಗುಂಪು ಕೆಲಸದ ಕಥೆ ಚುಟುಕಾಗಿ ಹೇಳುತ್ತೇನೆ, ಗಾಯ ಇನ್ನೂ ಹಸಿ ಇದೆ. ಒಂಬತ್ತಕ್ಕೆ ಸಭೆ ಅಂದರೆ ನಾನು 8.55ಕ್ಕೆ ಹಾಜರ್. ಉಳಿದವರು 9.40ಕ್ಕೆ ಒಂಬತ್ತಾಯಿತು ಎಂದು ಬರುತ್ತಿದ್ದರು. ರಾತ್ರಿ 11.59ಕ್ಕೆ ಸಲ್ಲಿಸಬೇಕಾದ ವರದಿ 11ಕ್ಕೆ ಆರಂಭ. ಒಮ್ಮೆ ತಡೆಯದೆ, ಪರಿಸ್ಥಿತಿ, ಉದ್ದೇಶ, ವಿಧಾನ, ಆಡಳಿತ, ಸಂಪರ್ಕ ಎಂದು ಐದು ಶಿರೋನಾಮೆ ಕೊಟ್ಟು ವಾಟ್ಸಾಪಿನಲ್ಲಿ ಪೂರ್ಣ ಪ್ರಮಾಣದ ಆದೇಶ ಹೊರಡಿಸಿದೆ. ನಾಲ್ವರಲ್ಲಿ ಒಬ್ಬಳು ಹೆಬ್ಬೆಟ್ಟು ಒತ್ತಿದಳು. ಹೆಬ್ಬೆಟ್ಟು ಅಂದರೆ ಒಪ್ಪಿದಳೋ, ಓದಲು ಬರುವುದಿಲ್ಲವೋ ತಿಳಿಯಲಿಲ್ಲ. ಒಪ್ಪತಕ್ಕದ್ದೆಂದರೆ, ಆ 59 ನಿಮಿಷದಲ್ಲಿ ಅವರು ಮಾಡಿದ ವರದಿಗೆ ನಾನು ನಾಲ್ಕು ದಿನ ಕೂತು ಮಾಡಿದ್ದಕ್ಕಿಂತ ಹೆಚ್ಚು ಅಂಕ ಬಂತು.

ಆಮೇಲೆ ನೌಕರಿಯ ಹಂಗಾಮು, ಅದಕ್ಕೆ ರೆಸ್ಯೂಮೆ. ಒಂದೇ ಹಾಳೆ, ಪ್ರತಿ ಸಾಲೂ ಕ್ರಿಯಾಪದದಿಂದ ಶುರುವಾಗಬೇಕು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಕೆಲಸ ಮುಗಿದ ಮೇಲೆ. ರೆಸ್ಯೂಮೆಯಲ್ಲಿ ಕೆಲಸಕ್ಕಿಂತ ಮೊದಲೇ ಬಂದು ನಿಲ್ಲುತ್ತದೆ. ಅದನ್ನು ತಿದ್ದಲು ನನಗಿಂತ ಹತ್ತು ವರ್ಷ ಚಿಕ್ಕವನೊಬ್ಬನನ್ನು ನೇಮಿಸಿದ್ದರು. ನಾನು ಬರೆದಿದ್ದ 'ನಾವು'ಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಹೊಡೆದ. ಎಣಿಸಿದೆ, 14 ಇದ್ದವು. 'ಡ್ರೋವ್ ಅಂತ ಹಾಕಿ ಸರ್' ಅಂದ. 'ಓಡಿಸಿದ್ದು ಡ್ರೈವರಪ್ಪಾ, ನಾನು ಪಕ್ಕದಲ್ಲಿ ಕೂತಿದ್ದೆ' ಅಂದೆ. 'ಆ ಅರ್ಥದಲ್ಲಿ ಅಲ್ಲ ಸರ್' ಎಂದು ದೀರ್ಘವಾಗಿ ಉಸಿರುಬಿಟ್ಟ. ಹಾಳೆ ಸಿದ್ಧವಾದಾಗ ಅದರಲ್ಲಿ ನಾನೊಬ್ಬನೇ ಜೋಜಿಲಾ ದಾಟಿದ್ದೆ, ನಾನೊಬ್ಬನೇ ಲಾರಿಗಳ ತಂಡವನ್ನು ಪುನಾರಚಿಸಿದ್ದೆ, ವ್ಯರ್ಥವನ್ನು ಇಷ್ಟು ಶೇಕಡಾ ಇಳಿಸಿದ್ದೆ. ಆ ಶೇಕಡಾ ಅಂದರೆ ಒಡೆಯದೆ ಉಳಿದ ತತ್ತಿಗಳು.

ಮನಸ್ಸು ತಡೆಯಲಿಲ್ಲ. ನಿವೃತ್ತರಾಗಿ ಊರು ಸೇರಿದ್ದ ನಮ್ಮ ಸುಬೇದಾರ್ ಸಾಬರಿಗೆ ಫೋನು ಮಾಡಿ ಪೂರ್ತಿ ಓದಿ ಹೇಳಿದೆ, ಹಿಂದಿಯಲ್ಲಿ ಭಾಷಾಂತರಿಸಿ. ಅವರು ಕೊನೆಯ ತನಕ ಕೇಳಿದರು. ಆಮೇಲೆ ಬಹಳ ವಿನಯದಿಂದ ಕೇಳಿದರು: 'ಬಹುತ್ ಅಚ್ಛಾ ಹೈ ಸಾಬ್. ಆಗ ನಾವೆಲ್ಲ ರಜೆಯಲ್ಲಿದ್ದೆವಾ?'

ಆ ರಾತ್ರಿ ನನಗೆ ಅಮೆರಿಕದ ಹತ್ತು ಮಂದಿಯ ಮೇಲೆ ಹೊಟ್ಟೆಕಿಚ್ಚಾಯಿತು. ಅವರ ಕಥೆಯನ್ನು ಅದೇ ವಾರ ಪಾಠದಲ್ಲಿ ಕೇಳಿದ್ದೆ. ಎರಡನೆಯ ಮಹಾಯುದ್ಧದಲ್ಲಿ ವಿಮಾನ, ಬಿಡಿಭಾಗ, ಜನ ಇವುಗಳ ಲೆಕ್ಕ ನೋಡುವ ವಾಯುಪಡೆ ಅಧಿಕಾರಿಗಳಿಗೆ ತರಬೇತಿ ಕೊಟ್ಟಿದ್ದು ಹಾರ್ವರ್ಡ್ ಬಿಸಿನೆಸ್ ಸ್ಕೂಲು. ಯುದ್ಧ ಮುಗಿದ ಮೇಲೆ ಆ ವಿಭಾಗದ ಹತ್ತು ಮಂದಿ ಟೆಕ್ಸ್ ಥಾರ್ನ್‌ಟನ್ ಎಂಬವರ ಮುಂದಾಳತ್ವದಲ್ಲಿ 1946ರಲ್ಲಿ ಫೋರ್ಡ್ ಕಂಪನಿಗೆ ಹೋದರು, ಬಿಡಿಬಿಡಿಯಾಗಿ ಅಲ್ಲ, ಒಂದೇ ಗುಂಪಾಗಿ. ಕಂಪನಿ ಹತ್ತೂ ಮಂದಿಯನ್ನು ತೆಗೆದುಕೊಂಡಿತು. ಅವರಲ್ಲೊಬ್ಬರಾದ ರಾಬರ್ಟ್ ಮೆಕ್‌ನಮಾರಾ 1960ರಲ್ಲಿ ಅದೇ ಕಂಪನಿಯ ಅಧ್ಯಕ್ಷರಾಗಿ, ಮರುವರ್ಷ ದೇಶದ ರಕ್ಷಣಾ ಮಂತ್ರಿಯಾದರು. ಅಷ್ಟು ಲೆಕ್ಕ ಬಲ್ಲವರಿಗೆ ವಿಯೆಟ್ನಾಮಿನಲ್ಲಿ ಲೆಕ್ಕ ತಪ್ಪಿದ್ದು ಬೇರೆ ಪುರಾಣ. ನನಗೆ ಬೇಕಾದದ್ದು ಮೊದಲ ಅಧ್ಯಾಯ ಮಾತ್ರ: 'ನಾವು' ಎಂದೇ ಕೆಲಸ ಕೇಳಲು ಹೋಗಿ ಗೆದ್ದವರು ಅವರು. ನಾನು ನನ್ನ ಸುಬೇದಾರ್, ಹವಾಲ್ದಾರ್, ಮೆಕ್ಯಾನಿಕ್, ಎರಡು ಹೇಸರಗತ್ತೆ ಸಮೇತ ಸಂದರ್ಶನಕ್ಕೆ ಹೋಗಿದ್ದರೆ ಕಾವಲುಗಾರ ಗೇಟಿನಲ್ಲೇ ನಿಲ್ಲಿಸುತ್ತಿದ್ದ.

ಕೆಲಸ ಸಿಕ್ಕಿತು, ಸರಕು ಸಾಗಣೆಯದೇ, ಬೆಂಗಳೂರಿನಲ್ಲಿ. ಊರಿಗೆ ಹೋಗಿ 'ಕಂಪನಿ ಸೇರಿದೆ' ಅಂದೆ. ಸೈನ್ಯದಲ್ಲಿ ಕಂಪನಿ ಅಂದರೆ ನೂರು ಚಿಲ್ಲರೆ ಜವಾನರು. ಕಾಲೇಜಿನಲ್ಲಿ ಕಂಪನಿ ಅಂದರೆ ಶೇರು, ಲಾಭ. ನಮ್ಮ ಕಡೆಯ ಹಳಬರಿಗೆ ಕಂಪನಿ ಅಂದರೆ ನಾಟಕದ್ದು. ಆಯಿ ಎರಡೂ ಕೈಯಿಂದ ನನ್ನ ಮುಖ ಸವರಿ, 'ಯಾವ ಪಾರ್ಟು ಕೊಟ್ಟಾರಪ್ಪಾ?' ಅಂದಳು. ರೆಸ್ಯೂಮೆ ನೆನಪಾಯಿತು. 'ಹೀರೋಂದು' ಅಂದೆ.

ಆಫೀಸಿಗೆ ಹತ್ತಿರ ಎಂದು ಮನೆ ಮಾಡಿದ್ದು ಜಾಲಹಳ್ಳಿಯಲ್ಲಿ. ಬೆಂಗಳೂರಿನದು, ಈಸ್ಟು. ಸಂಬಳದ ಖಾತೆ ತೆರೆಯಲು ಒಂದು ಬ್ಯಾಂಕಿಗೆ ಹೋದೆ. ಸದ್ಯದ ವಿಳಾಸ ಜಾಲಹಳ್ಳಿ, ಕಾಯಂ ವಿಳಾಸ ಜಾಲಹಳ್ಳಿ ಎಂದು ತುಂಬಿದೆ. ಕೌಂಟರಿನ ಹುಡುಗ, ಪಾಪ, ನಾನು ಒಂದೇ ವಿಳಾಸವನ್ನು ಎರಡು ಸಲ ಬರೆದು ದಣಿದೆನೆಂದು ತಿಳಿದು 'ಎರಡೂ ಒಂದೇ' ಎಂಬ ಚೌಕದಲ್ಲಿ ಗುರುತು ಹಾಕಿಕೊಂಡ. ಎಟಿಎಂ ಕಾರ್ಡು ದೇವದುರ್ಗ ತಾಲ್ಲೂಕಿಗೆ ಹೋಯಿತು. ಅಪ್ಪ ಫೋನು ಮಾಡಿದರು: 'ನಿನ್ನ ಹೆಸರಿಗೆ ಲಕೋಟಿ ಬಂದಿತ್ತು. ಮೇಜರ್ ಸಾಹೇಬ್ರು ಅದಾರೇನು ಅಂತ ಪೋಸ್ಟಿನಾವ ಕೇಳಿದ. ನಾವ ಅದೀವಿ ಅಂದು ಸಹಿ ಮಾಡಿ ತಗೊಂಡೆ.' ಮೂರನೇ ದಿನ ಬೆಂಗಳೂರು ಬಸ್ಸಿನ ಡ್ರೈವರ್ ಕೈಯಲ್ಲಿ ಸಜ್ಜಿ ರೊಟ್ಟಿ, ಗುರೆಳ್ಳು ಚಟ್ನಿಯ ಗಂಟಿನ ಜೊತೆ ಲಕೋಟೆ ಬಂತು. ಅದರ ಮೇಲಿನ ವಿಳಾಸವನ್ನು ಅಪ್ಪ ಪೆನ್ನಿನಿಂದ ಹೊಡೆದು ಕೆಳಗೆ ತಿದ್ದಿ ಬರೆದಿದ್ದರು: ಜಾಲಹಳ್ಳಿ, ಸೌತ್.